ಬಂಡೂರು ಮರಿಗೆ ಹುರುಳಿ: ನೆನೆಸಿದ್ದೋ, ಬೇಯಿಸಿದ್ದೋ, ಹುರಿದದ್ದೋ?

ಮಳವಳ್ಳಿ, ಬನ್ನೂರು ಕಡೆ ಬಂಡೂರು ತಳಿಯ ಟಗರು ಮರಿ ಸಾಕುವ ಮನೆಯಲ್ಲಿ ಹುರುಳಿ ಇದ್ದೇ ಇರುತ್ತೆ. ಕೊಡುವ ರೀತಿ ಮಾತ್ರ ಮನೆಗೊಂದು. ಮೂರರಿಂದ ಐದು ತಿಂಗಳ ಮರಿಗಳಿಗೆ ಮೂರೂ ಬಗೆಯಲ್ಲಿ ಕೊಟ್ಟು ನೋಡಿದ್ದೇವೆ. ಹದವಾಗಿ ಹುರಿದು ಒಡೆದದ್ದೇ ಮೇಲು. ಆದರೆ ಹಸಿರು ಮೇವು ಚೆನ್ನಾಗಿದ್ದಾಗ ಮಾತ್ರ.

ಹೋಲಿಸುವವರು ಮೊದಲು ತಪ್ಪುವುದು ಅಳತೆಯಲ್ಲಿ. ಒಂದು ಕೆಜಿ ಒಣ ಹುರುಳಿ ಬೆಂದರೆ ಎರಡು ಕೆಜಿ ದಾಟುತ್ತೆ. ಬಟ್ಟಲಲ್ಲಿ ಅಳೆದು ಹಾಕಿದರೆ ಬೇಯಿಸಿದ್ದು ತಿಂದ ಮರಿಗೆ ಸಿಗುವುದು ಅರ್ಧವೇ. ಒಣಗಿದ್ದಾಗಲೇ ತೂಗಿ ಪಾಲು ಮಾಡಿ. ಮರಿಯ ತೂಕವನ್ನೂ ಬೆಳಿಗ್ಗೆ ಮೇವು, ನೀರು ಕೊಡುವ ಮುಂಚೆಯೇ ನೋಡಿ.

ನೆನೆಸಿದ ಹುರುಳಿಗೆ ಸೌದೆ ಬೇಡ, ರಾತ್ರಿ ನೀರಿಗೆ ಹಾಕಿದರೆ ಸಾಕು. ಹುರುಳಿಯಲ್ಲಿ ಸುಮಾರು 22% ಪ್ರೋಟೀನ್ ಇದೆ, ಆದರೆ ಹಸಿಯಾಗಿದ್ದಾಗ ಅದರಲ್ಲಿ ಹೆಚ್ಚಿನ ಪಾಲನ್ನು ದೊಡ್ಡ ಹೊಟ್ಟೆಯ (ತಿಂದ ಮೇವು ಮೊದಲು ಸೇರಿ ಹುದುಗುವ ಭಾಗ) ಸೂಕ್ಷ್ಮಜೀವಿಗಳು ಬೇಗ ಒಡೆದು ಅಮೋನಿಯ ಮಾಡುತ್ತವೆ. ಅವುಗಳಿಗೆ ಬೇಕಾದಷ್ಟು ಬಳಕೆಯಾಗಿ, ಮಿಕ್ಕಿದ್ದು ರಕ್ತಕ್ಕೆ ಸೇರಿ, ಈಲಿಯಲ್ಲಿ ಯೂರಿಯಾ ಆಗಿ ಗಂಜಲದಲ್ಲಿ ಹೋಗುತ್ತೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿಯುವಷ್ಟು ಘಾಟು ಬಂದರೆ ಗಾಳಿಯಾಟದ ಜೊತೆಗೆ ಇದನ್ನೂ ಅನುಮಾನಿಸಿ.

ಬೇಯಿಸಿದ್ದು ಎಳೆ ಮರಿಗೆ, ಹುಷಾರು ತಪ್ಪಿ ಎದ್ದ ಮರಿಗೆ ಒಳ್ಳೆಯದು. ಬೇಳೆಕಾಳಿನಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳು ಬೆಂದಾಗ ಕಡಿಮೆಯಾಗುತ್ತವೆ. ಮೆಲುಕು ಹಾಕುವುದು ಚೆನ್ನಾಗಿ ಶುರುವಾಗದ ಮರಿಗೆ ಈ ಅಡ್ಡಿ ಹೆಚ್ಚು ತಟ್ಟುತ್ತೆ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಯಿಸಿದ್ದು ಸಂಜೆಗೆ ಹಳಸಿ, ತಿಂದ ಮರಿ ಭೇದಿ ಮಾಡಿಕೊಳ್ಳುತ್ತೆ. ಒಂದು ಹೊತ್ತಿಗೆ ಬೇಕಾದಷ್ಟೇ ಬೇಯಿಸಿ.

ಇನ್ನು ಹುರಿದದ್ದು. ಕುದಿಯುವ ನೀರಿನ ಕಾವು 100 ಡಿಗ್ರಿ ದಾಟುವುದಿಲ್ಲ, ಬಾಣಲೆಯ ಕಾವು ದಾಟುತ್ತೆ. ಆ ಒಣ ಕಾವಿಗೆ ಪ್ರೋಟೀನ್ ಬಿಗಿಯಾಗಿ, ದೊಡ್ಡ ಹೊಟ್ಟೆಯಲ್ಲಿ ಪೂರ್ತಿ ಒಡೆಯದೆ ಮುಂದಿನ ಕರುಳಿಗೆ ಹೋಗಿ ಅಲ್ಲಿ ಅರಗುತ್ತೆ. ದಪ್ಪ ತಳದ ಕಬ್ಬಿಣದ ಬಾಣಲೆ, ತೊಳೆದು ಒಣಗಿಸಿದ ಮರಳು, ಒಂದು ಸಲಕ್ಕೆ ಎರಡೇ ಕೆಜಿ ಕಾಳು. ಉರಿ ಮಧ್ಯಮವಾಗಿರಲಿ, ಕೈ ನಿಲ್ಲಬಾರದು. ಕಾಳು ಚಟಪಟ ಸಿಡಿದು ಘಮ ಎದ್ದ ಕೂಡಲೇ ಇಳಿಸಿ, ಜರಡಿ ಹಿಡಿದು, ಗೋಣಿ ತಾಟಿನ ಮೇಲೆ ತೆಳ್ಳಗೆ ಹರಡಿ. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಸೀಯುತ್ತೆ. ನಾಲ್ಕೈದು ಕಾಳು ಒಡೆದು ನೋಡಿ: ಒಳಗೆ ತಿಳಿ ಹಳದಿ ಇದ್ದರೆ ಹದ, ಕಂದು ತಿರುಗಿದ್ದರೆ ಕೆಟ್ಟಿತು. ಸೀದಾಗ ಪ್ರೋಟೀನಿನ ಲೈಸಿನ್ ಸಕ್ಕರೆ ಅಂಶದೊಡನೆ ಕಚ್ಚಿಕೊಂಡು ಕರುಳಲ್ಲೂ ಬಿಡಿಸಿಕೊಳ್ಳುವುದಿಲ್ಲ. ಮರಿ ಆಸೆಯಿಂದಲೇ ತಿನ್ನುತ್ತೆ, ಮೈ ಮಾತ್ರ ಕೂಡುವುದಿಲ್ಲ. ಆರಿದ ಮೇಲೆ ಬೀಸುವ ಕಲ್ಲಲ್ಲಿ ಎರಡು ಮೂರು ಹೋಳಾಗುವಂತೆ ಒಡೆಯಿರಿ, ಹಿಟ್ಟು ಮಾಡಬೇಡಿ. ಹಿಟ್ಟಾದರೆ ಮೂಗಿಗೆ ಹೋಗಿ ಕೆಮ್ಮುತ್ತವೆ.

ಮಂಡ್ಯದ ಕಬ್ಬಿನ ಸೀಮೆಯವರು ಒಂದು ಗಮನಿಸಬೇಕು. ಮೇವು ಬರೀ ಕಬ್ಬಿನ ಸೋಗೆ, ರಾಗಿ ಹುಲ್ಲು ಆದರೆ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಸಾರಜನಕ ಸಾಲದು. ಆಗ ಹುರುಳಿಯನ್ನೆಲ್ಲ ಹುರಿದು ಕೊಟ್ಟರೆ ಅವು ಉಪವಾಸ ಬಿದ್ದು ಹುಲ್ಲೂ ಸರಿಯಾಗಿ ಅರಗುವುದಿಲ್ಲ. ಅಂಥ ಕಡೆ ಅರ್ಧ ನೆನೆಸಿದ್ದು, ಅರ್ಧ ಹುರಿದದ್ದು ಸರಿ. ಸಾರಜನಕ ಹೆಚ್ಚಿರುವ ಅಗಸೆ ಸೊಪ್ಪು, ಬೇಲಿ ಮೆಂತ್ಯೆಯಂಥ ಹಸಿರು ಮೇವು ಧಾರಾಳವಾಗಿದ್ದರೆ ಪೂರ್ತಿ ಹುರಿದದ್ದೇ ಹಾಕಿ.

ಹುರುಳಿಯನ್ನು ಬೆರೆಸಿ ಕೊಡುವ ತಿಂಡಿ ಹತ್ತು ಕೆಜಿ ಮಾಡಲು ಮುಸುಕಿನ ಜೋಳದ ನುಚ್ಚು 5 ಕೆಜಿ, ಹುರುಳಿ 3 ಕೆಜಿ, ಗೋಧಿ ಬೂಸಾ 1.7 ಕೆಜಿ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. 15 ಕೆಜಿ ತೂಗುವ ಮರಿಗೆ ದಿನಕ್ಕೆ 50 ಗ್ರಾಂನಿಂದ ಶುರು ಮಾಡಿ, ಹತ್ತು ಹನ್ನೆರಡು ದಿನದಲ್ಲಿ 200–250 ಗ್ರಾಂಗೆ ಏರಿಸಿ, ಎರಡು ಹೊತ್ತು ಹಂಚಿ. ಹುಲ್ಲು ತಿಂದ ಮೇಲೇ ಕೊಡಿ. ಹಸಿದ ಮರಿ ಒಮ್ಮೆಲೇ ಕಾಳು ನುಂಗಿದರೆ ಹೊಟ್ಟೆ ಹುಳಿಯಾಗಿ ಮಲಗಿಬಿಡುತ್ತೆ.