ಹಳೇ ಬೀದಿ ಫೋಟೊ ಸ್ಕ್ಯಾನ್: ಮಂಡಿಪೇಟೆಯ ಸ್ಟುಡಿಯೊ ಹೇಗಿದೆ?

ದಾವಣಗೆರೆ ಮಂಡಿಪೇಟೆಯ ಈ ಪುಟ್ಟ ಸ್ಟುಡಿಯೊದ ಸ್ಕ್ಯಾನಿಂಗ್ ಚೊಕ್ಕ. ನೆಗೆಟಿವ್ ಇದ್ದರೆ ಅದನ್ನೇ ಕೊಡಿ. 2400 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಅಂತ ಹೇಳಿ, ವಿವರ ಕಳೆಯದ ಟಿಫ್ ಫೈಲ್ ತನ್ನಿ. ಕೇಳದೆಯೇ ‘ಶಾರ್ಪ್’ ಮಾಡಿಬಿಡುತ್ತಾರೆ, ಬೇಡ ಅನ್ನಿ. ಬೀದಿ ಫೋಟೊ ಯಾವ ಕಾಲದ್ದೆಂದು ಅದರಲ್ಲಿನ ಕಾರು ನೋಡಿ ಊಹಿಸಬಹುದು; ಕಾರಿನ ಮುಂದಿನ ಜಾಲರಿ, ಅಂದರೆ ಗ್ರಿಲ್‌ನ ಗೆರೆ ಕೆಟ್ಟರೆ ಅದು ಯಾವುದೆಂದು ಗುರುತು ಹತ್ತುವುದಿಲ್ಲ.

ಹಿಂಬದಿ ಮಡ್‌ಗಾರ್ಡ್ ತುದಿಯಲ್ಲಿ ಸಣ್ಣ ರೆಕ್ಕೆ ಎದ್ದಿದ್ದರೆ ಅಂಬಾಸಿಡರ್. ಉರುಟಾಗಿ ಇಳಿದಿದ್ದರೆ ಅದರ ಅಣ್ಣ ಲ್ಯಾಂಡ್‌ಮಾಸ್ಟರ್. ಅಂಬಾಸಿಡರ್ ಗ್ರಿಲ್ ಒತ್ತೊತ್ತಾದ ಚೌಕುಳಿಯೇ? ಅದರ ಎರಡನೇ ಮಾದರಿ ಮಾರ್ಕ್ 2, ಫೋಟೊ 1962ಕ್ಕಿಂತ ಹಿಂದಿನದಲ್ಲ. ಮುಂಬಾಗಿಲಿನ ಕೀಲು ಹಿಂದುಗಡೆ ಇದ್ದರೆ ‘ಡುಕ್ಕರ್’ ಅಂತ ಅಡ್ಡಹೆಸರಿನ ಹಳೇ ಫಿಯಟ್ 1100.

ಸ್ಟೇರಿಂಗ್ ಎಡಕ್ಕಿದೆಯೆಂದು ಫಾರಿನ್ ಕಾರು ಅಂತ ಹಿಗ್ಗಬೇಡಿ. ಮೊದಲು ಅಂಗಡಿ ಬೋರ್ಡ್ ಓದಿ. ಅಕ್ಷರ ಕನ್ನಡಿಯಲ್ಲಿ ಕಂಡಂತಿದ್ದರೆ ನೆಗೆಟಿವ್ ತಿರುಗಿಸಿ ಇಟ್ಟಿದ್ದಾರೆ. ಇಲ್ಲಿ ಆಗಾಗ ಆಗುವ ತಪ್ಪೇ ಇದು, ಕೌಂಟರ್‌ನಲ್ಲೇ ನೋಡಿಕೊಳ್ಳಿ.