ಮುಂದೆ ಸೀರೆ, ಹಿಂದೆ ಹೊಲಿಗೆ: ಬೆಳೆಯುತ್ತಿರುವ ‘ಎಲ್ಲಾ ಇಲ್ಲೇ’ ಅಂಗಡಿಗಳ ಬಗ್ಗೆ

ಮ್ಯಾಚಿಂಗ್ ಸೆಂಟರ್ ಅಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗೋಡೆ ತುಂಬ ಟೂ ಬೈ ಟೂ ಬಟ್ಟೆಯ ಥಾನು, ಕೌಂಟರಿನ ಮೇಲೆ ಮೀಟರ್ ಕಡ್ಡಿ, ಮೂಲೆಯಲ್ಲಿ ಫಾಲು, ಹುಕ್ಕು, ಲೇಸಿನ ಡಬ್ಬಗಳು. ಅಂಥ ಅಂಗಡಿಗಳೇ ಈಗ ಸೀರೆ ಮಾರುತ್ತಿವೆ, ಕುರ್ತಿ ಇಟ್ಟಿವೆ, ಹಿಂದಿನ ಕೋಣೆಯಲ್ಲಿ ನಾಲ್ಕೈದು ಮಷಿನ್ ಹಾಕಿ ಹೊಲಿದೂ ಕೊಡುತ್ತಿವೆ. ಬೆಳಗಾದರೆ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಸಾಲು ಸಾಲು ಫೋಟೊ. ಮಾಲೀಕರ ಮಾತು ಎಲ್ಲ ಊರಲ್ಲೂ ಹೆಚ್ಚು ಕಡಿಮೆ ಒಂದೇ: “ಅಕ್ಕ, ಸೀರೆ ತಗೊಳ್ಳಿ, ಬ್ಲೌಸು, ಫಾಲು, ಕುಚ್ಚು ಎಲ್ಲಾ ಇಲ್ಲೇ ಆಗುತ್ತೆ, ಓಡಾಟ ಇಲ್ಲ.”

ಓಡಾಟ ತಪ್ಪುವುದು ನಿಜ. ಆದರೆ ಇಂಥ ಅಂಗಡಿಗಳಲ್ಲಿ ಮುಂದಿನ ಕೌಂಟರು ಬೆಳೆದಷ್ಟು ಬೇಗ ಹಿಂದಿನ ಕೋಣೆ ಬೆಳೆಯುವುದಿಲ್ಲ. ಸೀರೆ ಇಟ್ಟು ಮಾರುವುದಕ್ಕೆ ಬಂಡವಾಳ ಸಾಕು, ಕಟಿಂಗ್ ಮಾಸ್ಟರ್ ತಯಾರಾಗುವುದಕ್ಕೆ ವರ್ಷಗಳು ಬೇಕು. ಹಾಗಾಗಿ ಅಂಗಡಿಯನ್ನು ಅಳೆಯುವಾಗ ಶೋಕೇಸಿನಿಂದಲ್ಲ, ಅಳತೆ ಪುಸ್ತಕದಿಂದ ಶುರು ಮಾಡಬೇಕು.

ಒಳ್ಳೆಯ ಅಂಗಡಿಯ ಅಳತೆ ಪುಸ್ತಕದಲ್ಲಿ ಒಂದು ಬ್ಲೌಸಿಗೆ ಕನಿಷ್ಠ ಹತ್ತು ಹನ್ನೆರಡು ಅಂಕಿ ಇರುತ್ತದೆ: ಉದ್ದ, ಭುಜ, ಮೇಲೆದೆ, ಎದೆ ಸುತ್ತು, ಕೆಳಸುತ್ತು, ಆರ್ಮ್‌ಹೋಲು, ತೋಳಿನ ಉದ್ದ, ತೋಳಿನ ಸುತ್ತು, ಮುಂದಿನ ಕತ್ತು, ಹಿಂದಿನ ಕತ್ತು, ಜೊತೆಗೆ ಟಕ್ಸ್ ಪಾಯಿಂಟು. ಈ ಕೊನೆಯದನ್ನು ಅಳೆಯದೆ ಬಿಡುವವರೇ ಜಾಸ್ತಿ. ಭುಜದ ಹೊಲಿಗೆಯಿಂದ ಎದೆಯ ತುದಿಯವರೆಗಿನ ಅಳತೆ ಅದು, ಸಾಮಾನ್ಯವಾಗಿ 9ರಿಂದ 11 ಇಂಚಿನ ನಡುವೆ ಬರುತ್ತದೆ. ಎದೆ ಸುತ್ತು 36 ಇರುವ ಇಬ್ಬರಿಗೆ ಈ ಅಂಕಿ ಒಂದೇ ಇರಬೇಕೆಂದಿಲ್ಲ. ಅದನ್ನು ಅಂದಾಜಿನ ಮೇಲೆ ಹಾಕಿದರೆ ಟಕ್ಸ್, ಅಂದರೆ ಎದೆಗೆ ಆಕಾರ ಬರಲು ಮಡಚಿ ಹಾಕುವ ಹೊಲಿಗೆ, ಮೇಲೋ ಕೆಳಗೋ ಬಿದ್ದು ಮುಂಭಾಗದಲ್ಲಿ ಸೊಟ್ಟ ನೆರಿಗೆ ಬರುತ್ತದೆ, ಎಷ್ಟು ಸಲ ಸೈಡು ಬಿಗಿ ಮಾಡಿಸಿದರೂ ಅದು ಹೋಗುವುದಿಲ್ಲ. ನಾಲ್ಕು ಟಕ್ಸಿನ ಮಾಮೂಲಿ ಬ್ಲೌಸಿನಲ್ಲಿ ಇದನ್ನು ಬಿಚ್ಚಿ ಸರಿಮಾಡಬಹುದು. ಪ್ರಿನ್ಸೆಸ್ ಕಟ್ಟಿನಲ್ಲಿ ಕತ್ತರಿಯೇ ಆ ತುದಿಯ ಮೇಲೆ ಹಾದು ಹೋಗಿರುತ್ತದೆ. ಅಳತೆ ತಪ್ಪಿದರೆ ಬಟ್ಟೆ ಹೋಯಿತು ಅಂತಲೇ ಲೆಕ್ಕ.

“ಅಳತೆ ಬ್ಲೌಸ್ ಕೊಡಿ ಸಾಕು” ಅನ್ನುವ ಅಂಗಡಿಯನ್ನು ಕಣ್ಣುಮುಚ್ಚಿ ನಂಬಬಾರದು. ಕೊಟ್ಟ ಬ್ಲೌಸು ಹತ್ತು ಸಲ ಒಗೆದು ಕುಗ್ಗಿದ್ದಿರಬಹುದು, ಇಲ್ಲವೇ ಸೈಡು ಬಿಚ್ಚಿ ದೊಡ್ಡದು ಮಾಡಿಸಿದ್ದಿರಬಹುದು. ಅದನ್ನು ಮೇಜಿನ ಮೇಲೆ ಹಾಸಿ ಟೇಪು ಹಿಡಿದರೆ ಅದರಲ್ಲಿದ್ದ ತಪ್ಪೆಲ್ಲ ಹೊಸದಕ್ಕೂ ಬರುತ್ತದೆ. ಅಳತೆ ಬ್ಲೌಸನ್ನು ತೊಡಿಸಿ ನೋಡಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ಕೇಳಿ, ಅದರ ಮೇಲೆ ಟೇಪು ಹಿಡಿಯುವವರು ಸಿಕ್ಕರೆ ಆ ಅಂಗಡಿಯನ್ನು ಬಿಡಬೇಡಿ. ಅಳತೆ ತೆಗೆಯುವವರು ಹೆಂಗಸರೇ ಆಗಿರುವುದು, ಪರದೆ ಎಳೆದ ಮೂಲೆಯೊಂದು ಇರುವುದು ಈ ಹೊಸ ಅಂಗಡಿಗಳಲ್ಲಿ ಆಗಿರುವ ನಿಜವಾದ ಸುಧಾರಣೆ. ಹಳೆಯ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಳತೆ ಕೊಟ್ಟವರಿಗೆ ಇದರ ಬೆಲೆ ಗೊತ್ತು.

ಎರಡನೆಯ ಪರೀಕ್ಷೆ ಲೈನಿಂಗ್. ಹತ್ತಿಯ ಲೈನಿಂಗು ಮೊದಲ ಒಗೆತಕ್ಕೆ ಕುಗ್ಗುತ್ತದೆ. ನೂರಕ್ಕೆ 3ರಷ್ಟು ಕುಗ್ಗಿದರೂ 36 ಇಂಚಿನ ಸುತ್ತಿನಲ್ಲಿ ಒಂದು ಇಂಚು ಹೋದಂತೆ. ಮೇಲಿನ ರೇಷ್ಮೆಯೋ ಪಾಲಿಯೆಸ್ಟರೋ ಅಷ್ಟು ಕುಗ್ಗುವುದಿಲ್ಲವಾದ್ದರಿಂದ ಒಳಗೆ ಎಳೆದು ಹೊರಗೆ ಉಬ್ಬುತ್ತದೆ, ಹೊಸ ಬ್ಲೌಸು ಎರಡನೇ ಸಲಕ್ಕೇ ಹಳೆಯದಾಗಿ ಕಾಣುತ್ತದೆ. ಇದಕ್ಕೆ ಔಷಧ ಬಹಳ ಸರಳ: ಕತ್ತರಿಸುವ ಮೊದಲು ಲೈನಿಂಗನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕುವುದು. ಹಬ್ಬದ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವ ಕೆಲಸವೂ ಇದೇ. ಅಂಗಡಿಯ ಹಿಂದೆ ತಂತಿಯ ಮೇಲೆ ಬಣ್ಣಬಣ್ಣದ ಲೈನಿಂಗ್ ತುಂಡು ಒಣಗುತ್ತಿದ್ದರೆ, ಆ ಅಂಗಡಿಯ ರೀಲ್ಸ್ ನೋಡುವ ಅಗತ್ಯವಿಲ್ಲ.

ರೀಲ್ಸ್ ಅಂದೆನಲ್ಲ, ಗೊಂಬೆಗೆ ತೊಡಿಸಿದ ಬ್ಲೌಸು ಅಷ್ಟು ಚೆನ್ನಾಗಿ ಕೂರುವುದು ಹೊಲಿಗೆಯಿಂದಲೇ ಅಂತ ತಿಳಿಯಬೇಡಿ. ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿ ಮಾಡಿದ್ದರೆ ಮುಂದಿನಿಂದ ನೋಡುವವರಿಗೆ ತಿಳಿಯುವುದೇ ಇಲ್ಲ. ಬಣ್ಣವೂ ಅಷ್ಟೆ. ಅಂಗಡಿಯ ಬಿಳಿ ಎಲ್‌ಇಡಿ ಬೆಳಕಿನಲ್ಲಿ ಒಂದೇ ಎನಿಸಿದ ಸೀರೆ ಮತ್ತು ಬ್ಲೌಸ್ ಬಟ್ಟೆ ಬಾಗಿಲಾಚೆ ಬಿಸಿಲಿಗೆ ಹಿಡಿದಾಗ ಎರಡಾಗಿ ಕಾಣಬಹುದು. ಬೂದು, ನೇರಳೆ, ಪಾಚಿ ಹಸಿರಿನಲ್ಲಿ ಇದು ಹೆಚ್ಚು. ಮ್ಯಾಚಿಂಗ್ ಬಟ್ಟೆಯನ್ನು ಹಗಲು ಬೆಳಕಿಗೆ ಒಯ್ದು ನೋಡಲು ಬೇಸರವಿಲ್ಲದೆ ಬಿಡುವುದು ಹಳೆಯ ಮ್ಯಾಚಿಂಗ್ ಸೆಂಟರಿನವರ ಒಳ್ಳೆಯ ಗುಣ. ಅದು ಬೆಳೆದ ಅಂಗಡಿಯಲ್ಲೂ ಉಳಿದಿದೆಯೇ ನೋಡಿ.

ಈಗ “ಸೀರೆ ಕೊಂಡರೆ ಹೊಲಿಗೆ ಉಚಿತ” ಎಂಬ ಬೋರ್ಡಿಗೆ ಬರೋಣ. ಉಚಿತ ಅಂದರೆ ಬಹುಪಾಲು ಕಡೆ ಲೈನಿಂಗ್ ಇಲ್ಲದ ಸಾದಾ ಬ್ಲೌಸು, ಗುಂಡು ಕತ್ತು, ಗಿಡ್ಡ ತೋಳು. ಲೈನಿಂಗು, ಪೈಪಿಂಗು, ಹಿಂದಿನ ಡೋರಿ, ಲಟ್ಕನ್ನು, ಬೋಟ್ ನೆಕ್ಕು, ಪ್ಯಾಡು ಇವೆಲ್ಲ ಒಂದೊಂದಾಗಿ ಬಿಲ್ಲಿಗೆ ಸೇರುತ್ತವೆ. ಅದರಲ್ಲಿ ಮೋಸವೇನೂ ಇಲ್ಲ, ಕೆಲಸಕ್ಕೆ ತಕ್ಕ ಕೂಲಿ. ಆದರೆ ಅಳತೆ ಕೊಡುವಾಗಲೇ ಚೀಟಿಯಲ್ಲಿ ಬರೆಸಿಕೊಳ್ಳದಿದ್ದರೆ ಡೆಲಿವರಿ ದಿನ ಕೌಂಟರಿನಲ್ಲಿ ಜಗಳ ಗ್ಯಾರಂಟಿ. ಹೊಲಿಯುವವರಿಗೆ ಪೀಸ್ ರೇಟು ಎಂಬುದೂ ನೆನಪಿರಲಿ. ದಿನಕ್ಕೆ ಎಷ್ಟು ಪೀಸು ಎಂಬುದರ ಮೇಲೆ ಕೂಲಿ ನಿಂತಾಗ, ಉಚಿತದ ಬ್ಲೌಸಿಗೆ ಕೈ ಹೆಮ್ಮಿಂಗ್ ಸಿಗುವುದು ಕಷ್ಟ. ಕತ್ತಿನ ಪಟ್ಟಿಯನ್ನೂ ಮಷಿನ್ನಲ್ಲೇ ಓಡಿಸಿ ಕೊಡುತ್ತಾರೆ, ಹೊರಗೆ ಹೊಲಿಗೆಯ ಗೆರೆ ಕಾಣುತ್ತದೆ.

ಸೀರೆಯಲ್ಲೇ ಬರುವ ಬ್ಲೌಸ್ ಬಟ್ಟೆಯದ್ದು ಇನ್ನೊಂದು ತೊಡಕು. ಇಡೀ ಸೀರೆ 6.3 ಮೀಟರ್ ಎಂದರೆ ಉಡುವುದಕ್ಕೆ 5.5, ಬ್ಲೌಸಿಗೆ 80 ಸೆಂಟಿಮೀಟರ್. ಗಿಡ್ಡ ತೋಳಿಗೆ, ಎದೆ ಸುತ್ತು 36ರ ತನಕ ಅದು ಆರಾಮಾಗಿ ಸಾಕು. 40ರ ಸುತ್ತು, ಮೊಣಕೈವರೆಗಿನ ತೋಳು ಎರಡೂ ಬೇಕೆಂದರೆ ಒಂದು ಮೀಟರ್ ಇದ್ದರೆ ನಿಶ್ಚಿಂತೆ. ಮುಂಭಾಗವನ್ನು ಕ್ರಾಸ್ ಕಟ್ಟಿನಲ್ಲಿ, ಅಂದರೆ ಬಟ್ಟೆಯನ್ನು ಓರೆಯಾಗಿಟ್ಟು ಕತ್ತರಿಸಿದರೆ ಮೈಗೆ ಚೆನ್ನಾಗಿ ಕೂರುತ್ತದೆ, ಆದರೆ ಬಟ್ಟೆ ಹೆಚ್ಚು ತಿನ್ನುತ್ತದೆ. ಬಟ್ಟೆ ಕಡಿಮೆ ಬಿದ್ದಾಗ ಬಲ್ಲ ಮಾಸ್ಟರ್ ಹುಕ್ ಪಟ್ಟಿಯನ್ನೂ ಒಳಪಟ್ಟಿಯನ್ನೂ ಲೈನಿಂಗಿನಲ್ಲಿ ತೆಗೆದು ಮೇಲ್ಬಟ್ಟೆ ಉಳಿಸುತ್ತಾರೆ. ಅರೆಬರೆ ಬಲ್ಲವರು ಸೈಡಿನ ಮಾರ್ಜಿನ್ನಿಗೆ ಕೈ ಹಾಕುತ್ತಾರೆ. ಎರಡೂ ಪಕ್ಕ ಒಳಗೆ ಒಂದರಿಂದ ಒಂದೂವರೆ ಇಂಚು ಮಾರ್ಜಿನ್ ಇಲ್ಲದ ಬ್ಲೌಸು ಎಷ್ಟೇ ಚೆಂದ ಇದ್ದರೂ ಹೆಚ್ಚು ಕಾಲ ಬಾಳುವುದಿಲ್ಲ. ಗೌರಿ ಬಾಗಿನದಲ್ಲಿ, ಮದುವೆ ಮುಂಜಿಯಲ್ಲಿ ಬಂದ ಕಣಗಳನ್ನು, ಅಂದರೆ ಬ್ಲೌಸ್ ಪೀಸುಗಳನ್ನು, ಹೊಲಿಸಲು ಒಯ್ಯುವವರು ಮೊದಲು ಪನ್ನ (ಬಟ್ಟೆಯ ಅಗಲ) ಅಳೆಸಿ. ಉದ್ದ 80 ಇದ್ದರೂ ಅಗಲ ಕಡಿಮೆ ಇರುವುದುಂಟು.

ರವಿಕೆಗೆಂದೇ ನೇಯುವ ಗುಳೇದಗುಡ್ಡದ ಖಣದಲ್ಲಿ ಮಾಸ್ಟರ್ ಕೈಚಳಕ ಬಯಲಾಗುತ್ತದೆ. ಸಾಂಪ್ರದಾಯಿಕ ಖಣದ ಪನ್ನವೇ ಕಿರಿದು, ಎರಡೂ ಬದಿ ಅಂಚು ನೇಯ್ದಿರುತ್ತದೆ. ಆ ಅಂಚು ತೋಳಿನ ತುದಿಗೆ ಸರಿಯಾಗಿ ಬರಬೇಕು, ಬುಟ್ಟಿ, ಅಂದರೆ ನೇಯ್ದ ಚಿಕ್ಕ ಚಿತ್ತಾರ, ಎರಡೂ ತೋಳಿನಲ್ಲಿ ಒಂದೇ ದಿಕ್ಕಿಗೆ ನೋಡಬೇಕು. ಇಳಕಲ್ ಸೀರೆಯ ಕೆಂಪು ಟೋಪ್ ತೆನಿ ಸೆರಗಿಗೆ ಜೋಡಿಯಾಗಿ ಇದನ್ನು ಹೊಲಿಸುವವರು ಈಗ ದಕ್ಷಿಣದ ಊರುಗಳಲ್ಲೂ ಹೆಚ್ಚಿದ್ದಾರೆ. ಆದರೆ ಅಲ್ಲಿನ ಕೆಲವು ಮಾಸ್ಟರುಗಳು ಮಾಮೂಲಿ ಬಟ್ಟೆಯಂತೆ ಮಡಚಿ ಕತ್ತರಿಸಿ, ಒಂದು ತೋಳಿಗೆ ಅಂಚು ಬಂದು ಇನ್ನೊಂದಕ್ಕೆ ಬಾರದಂತೆ ಮಾಡಿಡುತ್ತಾರೆ. ಕತ್ತರಿ ಹಾಕುವ ಮುನ್ನ ಸೀಮೆಸುಣ್ಣದ ಗುರುತು ತೋರಿಸಲು ಕೇಳಿ. ಒಳ್ಳೆಯ ಮಾಸ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ರೇಷ್ಮೆಗೆ ಬಂದರೆ ಮೊದಲ ಪ್ರಶ್ನೆ ಅದು ರೇಷ್ಮೆಯೇ ಎಂಬುದು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಇರುವ ಸಿಲ್ಕ್ ಮಾರ್ಕ್ ಚೀಟಿ ಸೀರೆಗೆ ಕಟ್ಟಿದೆಯೇ ನೋಡಿ. ಚೀಟಿ ಇಲ್ಲದಿದ್ದರೆ ಸೆರಗಿನ ತುದಿಯ ಒಂದೆರಡು ಎಳೆ ಸುಟ್ಟು ನೋಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಮಾರುವವರು “ಸೆಮಿ”, “ಸಾಫ್ಟ್”, “ಆರ್ಟ್” ಎಂಬ ಪದ ಸೇರಿಸಿದ ಕೂಡಲೇ ಕಿವಿ ನಿಮಿರಲಿ. ಆರ್ಟ್ ಸಿಲ್ಕ್ ಎಂದರೆ ಕೃತಕ ರೇಷ್ಮೆ, ಕಲೆಗೂ ಅದಕ್ಕೂ ಸಂಬಂಧವಿಲ್ಲ.

ರೇಷ್ಮೆ ಬ್ಲೌಸು ಹೊಲಿಯುವಾಗ ಮಷಿನ್ನಿನ ಸೂಜಿ 11ನೇ ನಂಬರಿನದಾಗಿರಬೇಕು, ಹೊಸದಾಗಿರಬೇಕು. ಹತ್ತಿಗೆ ಓಡಿಸಿದ 14ರ ಸೂಜಿಯಲ್ಲೇ ಮುಂದುವರಿಸಿದರೆ, ಅದೂ ಮೊನೆ ಮೊಂಡಾಗಿದ್ದರೆ, ಹೊಲಿಗೆಯ ಉದ್ದಕ್ಕೂ ಎಳೆ ಸೆಳೆದ ಗೆರೆ ಕಾಣುತ್ತದೆ. ತೆಳು ರೇಷ್ಮೆ, ಟಿಶ್ಯೂ ಬಟ್ಟೆಯ ಬ್ಲೌಸು ಬೆನ್ನಲ್ಲಿ, ಕಂಕುಳಲ್ಲಿ ಪಿಸಿಯುವುದೂ ಬಹಳ. ಗಮನಿಸಿ ನೋಡಿದರೆ ಹೊಲಿಗೆ ಬಿಚ್ಚಿರುವುದಿಲ್ಲ, ಹೊಲಿಗೆಯ ಪಕ್ಕದ ಎಳೆಗಳೇ ಜಾರಿರುತ್ತವೆ. ಲೈನಿಂಗನ್ನು ಮೇಲ್ಬಟ್ಟೆಗಿಂತ ಒಂದು ನೂಲು ಬಿಗಿಯಾಗಿ ಕತ್ತರಿಸಿದರೆ ಎಳೆತವೆಲ್ಲ ಅದರ ಮೇಲೆ ಬಿದ್ದು ರೇಷ್ಮೆ ಉಳಿಯುತ್ತದೆ. ಕೈ ಎತ್ತಿದಾಗ ಇಡೀ ಬ್ಲೌಸೇ ಮೇಲೇಳುತ್ತದೆ ಎಂಬ ದೂರಿಗೆ ಜನ ಬ್ಲೌಸಿನ ಉದ್ದ ಹೆಚ್ಚಿಸಲು ಹೇಳುತ್ತಾರೆ. ತಪ್ಪು ಇರುವುದು ಉದ್ದದಲ್ಲಲ್ಲ, ಆರ್ಮ್‌ಹೋಲು ಬೇಕಾದ್ದಕ್ಕಿಂತ ಕೆಳಗಿಳಿದಿರುವುದರಲ್ಲಿ.

ಮಗ್ಗಂ ವರ್ಕು, ಕೆಲವರು ಆರಿ ವರ್ಕು ಅನ್ನುವುದು, ಈ ಅಂಗಡಿಗಳ ಲಾಭದ ದೊಡ್ಡ ಬಾಬತ್ತು. ದೂರುಗಳದ್ದೂ ಅಷ್ಟೇ ದೊಡ್ಡದು. ಕ್ರಮ ಹೀಗೆ: ಅಳತೆಯಂತೆ ಬಟ್ಟೆಯ ಮೇಲೆ ಕತ್ತು, ತೋಳು, ಬೆನ್ನಿನ ಗೆರೆ ಹಾಕಬೇಕು, ಕತ್ತರಿಸಬಾರದು. ರಂಧ್ರ ಚುಚ್ಚಿದ ಟ್ರೇಸಿಂಗ್ ಹಾಳೆಯ ಮೂಲಕ ಜಿಂಕ್ ಪುಡಿ, ಸೀಮೆಎಣ್ಣೆ ಕಲಸಿ ಒರೆಸಿ ಚಿತ್ತಾರ ಇಳಿಸಬೇಕು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಕೊಕ್ಕೆ ಸೂಜಿಯಲ್ಲಿ ಕೆಲಸ ಮುಗಿಸಿ, ಆಮೇಲೆ ಕತ್ತರಿ. ಅನೇಕ ಅಂಗಡಿಗಳು ವರ್ಕನ್ನು ಹೊರಗೆ ಕೊಟ್ಟು ಮಾಡಿಸುತ್ತವೆ. ಗೆರೆ ಹಾಕಿದವರೊಬ್ಬರು, ವರ್ಕು ಮಾಡಿದವರು ಇನ್ನೊಬ್ಬರು, ಕತ್ತರಿಸುವವರು ಮೂರನೆಯವರು. ಬಟ್ಟೆ ಸ್ವಲ್ಪ ಸುಕ್ಕಿ ಬಂದಿರುತ್ತದೆ, ಮೂರನೆಯವರು ಮತ್ತೆ ಅಳೆಯದೆ ಹಳೆಯ ಗೆರೆಯನ್ನೇ ಹಿಡಿಯುತ್ತಾರೆ, ಬ್ಲೌಸು ಬಿಗಿಯಾಗುತ್ತದೆ. ಹೊಲಿಗೆ ಬೀಳುವ ಜಾಗದ ಮಣಿಗಳನ್ನು ಒಡೆದು ತೆಗೆಯದಿದ್ದರೆ ಸೂಜಿ ಮುರಿಯುತ್ತದೆ, ಹೊಲಿಗೆಯೂ ಅಲ್ಲಲ್ಲಿ ತಪ್ಪುತ್ತದೆ. ತೋಳಿನ ಒಳಬದಿಗೆ ಕುಂದನ್ ಹಾಕಿಸಬೇಡಿ. ಮೈಗೆ ಉಜ್ಜಿ ಗಾಯ, ಸೀರೆಗೆ ಸಿಕ್ಕಿ ಎಳೆ.

ಫಾಲು, ಪಿಕೋ (ಸೀರೆಯ ತುದಿ ಬಿಚ್ಚದಂತೆ ಹಾಕುವ ಹೊಲಿಗೆ) ಚಿಕ್ಕ ಕೆಲಸವೆಂದು ಮಾಲೀಕರೂ ಗಿರಾಕಿಗಳೂ ಅದರತ್ತ ನೋಡುವುದೇ ಇಲ್ಲ. ಫಾಲನ್ನೂ ಲೈನಿಂಗಿನಂತೆ ನೆನೆಸಲೇಬೇಕು, ಇಲ್ಲದಿದ್ದರೆ ಒಗೆದ ಮೇಲೆ ನೆರಿಗೆಯ ಕೆಳಗೆ ಸೀರೆ ಮುದುಡುತ್ತದೆ. ಕೆಳಬದಿ ಮಷಿನ್ನಲ್ಲಿ ಹೊಲಿದರೂ ಮೇಲ್ಬದಿ ಕೈಯಲ್ಲೇ ಆಗಬೇಕು, ಮೈಸೂರು ರೇಷ್ಮೆಯಂಥ ಕ್ರೇಪಿಗಾದರೆ ಎರಡೂ ಬದಿ. ಎರಡೂ ಅಂಚು ಬೇರೆ ಬೇರೆ ಅಗಲವಿದ್ದ ಸೀರೆಗೆ ಯಾವುದು ಕೆಳಗೆ ಎಂದು ಚೀಟಿ ಅಂಟಿಸಿ ಕೊಡಿ. ಕುಚ್ಚಿಗೆ ಬಳಸುವ ರೇಷ್ಮೆ ದಾರದ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿದರೆ ಒಂದು ನಿಮಿಷದ ಕೆಲಸ. ನೋಡದಿದ್ದರೆ ಮೊದಲ ನೀರಿಗೇ ಸೆರಗಿನ ಮೇಲೆ ಕಲೆ.

ಅಂಗಡಿ ಎರಡನೇ ಶಾಖೆ ತೆರೆದಾಗ ಕೇಳಬೇಕಾದ ಪ್ರಶ್ನೆ ಒಂದಿದೆ: ಕತ್ತರಿಸುವುದು ಎಲ್ಲಿ? ಬಹಳ ಕಡೆ ಹೊಸ ಶಾಖೆಯಲ್ಲಿ ಅಳತೆ ಬರೆದುಕೊಂಡು ಬಟ್ಟೆಯ ಗಂಟನ್ನು ಹಳೆ ಅಂಗಡಿಗೆ ಕಳಿಸುತ್ತಾರೆ. ಅಳೆದವರ ಟೇಪಿಗೂ ಕತ್ತರಿಸುವವರ ಲೆಕ್ಕಕ್ಕೂ ಹೊಂದಿಕೆ ಇರಬೇಕು. ಮೈ ಅಳತೆಯೋ, ಸಡಿಲ ಸೇರಿಸಿದ ಅಳತೆಯೋ ಎಂಬುದು ಚೀಟಿಯಲ್ಲಿಲ್ಲದಿದ್ದರೆ ಇಬ್ಬರೂ ಒಂದೊಂದು ಇಂಚು ಸೇರಿಸುತ್ತಾರೆ, ಇಲ್ಲವೇ ಇಬ್ಬರೂ ಬಿಡುತ್ತಾರೆ. ಅಂಥ ಶಾಖೆಗೆ ಮೊದಲು ಒಂದು ಸಾದಾ ಹತ್ತಿ ಬ್ಲೌಸು ಕೊಟ್ಟು ನೋಡಿ. ಕುರ್ತಿ, ನೈಟಿ, ಲಂಗಗಳನ್ನು ಯಾವ ಶಾಖೆಗಾದರೂ ಧೈರ್ಯವಾಗಿ ಕೊಡಬಹುದು. ಅಲ್ಲಿ ಇವರ ಬೆಲೆ, ವೇಗ ಎರಡೂ ಚೆನ್ನಾಗಿದೆ. ಮದುವೆಯ ಬ್ಲೌಸು ಮಾತ್ರ ಕಟಿಂಗ್ ಮೇಜು ಇರುವ ಅಂಗಡಿಗೇ ಹೋಗಲಿ, ಅದೂ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರ ಇರುವಾಗ ಬೇಡ. ಆ ದಿನಗಳಲ್ಲಿ ಟ್ರಯಲ್ಲಿಗೆ ಯಾರಿಗೂ ಪುರಸೊತ್ತಿರುವುದಿಲ್ಲ, ಲೈನಿಂಗು ಕತ್ತರಿಸಿ ಕಚ್ಚಾ ಹೊಲಿಗೆಯಲ್ಲಿ ಒಮ್ಮೆ ತೊಡಿಸಿ ನೋಡದ ಮದುವೆ ಬ್ಲೌಸು ಜೂಜೇ ಸರಿ.

ತರುವ ದಿನ ಅಂಗಡಿಯಲ್ಲೇ ತೊಟ್ಟು ಎರಡೂ ಕೈ ಮೇಲೆತ್ತಿ, ಕೂತು, ಬಗ್ಗಿ ನೋಡಿ. ಹುಕ್ಕುಗಳ ನಡುವೆ ಬಾಯಿ ಬಿಡುತ್ತದೆಯೇ, ಒಳಗೆ ಓವರ್‌ಲಾಕ್ ಆಗಿದೆಯೇ, ಎರಡೂ ತೋಳಿನ ಉದ್ದ ಒಂದೇ ಇದೆಯೇ ನೋಡಿ. ಉಳಿದ ಬಟ್ಟೆ ಚೂರನ್ನು ಕೇಳಿ ತೆಗೆದುಕೊಳ್ಳಿ, ಅಂಗೈಯಗಲದ ತುಂಡಾದರೂ ಸರಿ. ಮುಂದೆ ಕಂಕುಳಿಗೆ ಪಟ್ಟಿ ಹಾಕಿ ದೊಡ್ಡದು ಮಾಡಿಸುವಾಗ ಅದೇ ಬಣ್ಣದ ಬಟ್ಟೆ ಯಾವ ಮ್ಯಾಚಿಂಗ್ ಸೆಂಟರಿನಲ್ಲೂ ಸಿಗುವುದಿಲ್ಲ.