ಗುಡ್ಡೆ ಕೇಪಳದ ಸಸಿ: ಮೂರು ಮಳೆಗಾಲ ಕಂಡ ಮೇಲೆ

ಪುತ್ತೂರಿನ ಸಮೀಪದ ಸಣ್ಣ ನರ್ಸರಿಯೊಂದರಿಂದ 2022ರ ಜೂನ್ ತಿಂಗಳಲ್ಲಿ ತಲಾ 40 ರೂಪಾಯಿ ಕೊಟ್ಟು ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವ ಕಾಡು ಪೊದೆಯಾದ ಗುಡ್ಡೆ ಕೇಪಳದ ನಾಲ್ಕು ಸಸಿಗಳನ್ನು ತಂದಿದ್ದೆ. ಅವುಗಳಲ್ಲಿ ಮೂರು ಈಗ ನನ್ನ ಎದೆಯೆತ್ತರಕ್ಕೆ ಬೆಳೆದು, ಹೂ ಬಿಟ್ಟು ಹಣ್ಣನ್ನೂ ಕೊಟ್ಟಿರುವುದರಿಂದ ಅವುಗಳ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನ್ನಿಸಿದೆ.

ಅದಕ್ಕೂ ಮೊದಲು ಪೇಟೆಯ ದೊಡ್ಡ ನರ್ಸರಿಯಲ್ಲಿ ಕೇಪಳ ಬೇಕೆಂದು ಕೇಳಿದಾಗ, ಇಕ್ಸೋರಾ ಎಂಬ ಒಂದೇ ಹೆಸರಿನಡಿ ಮಾರುವ ಕುಳ್ಳ ತಳಿಯೊಂದನ್ನು ಕೊಟ್ಟು ಕಳುಹಿಸಿದ್ದರು. ಅದು ವರ್ಷವಿಡೀ ಹೂ ಬಿಟ್ಟಿತಾದರೂ ಒಂದು ಹಣ್ಣೂ ಕಟ್ಟಲಿಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಸಿದ, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕಾಡುಗಳನ್ನೇ ತವರಾಗಿ ಉಳ್ಳ ನಮ್ಮ ಕೇಪಳವನ್ನು ಗುರುತಿಸುವುದು ಕಷ್ಟವಲ್ಲ. ಅದರ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಎಲೆಯ ಬುಡ ಕಾಂಡವನ್ನು ಅಪ್ಪಿದಂತೆ ಕೂತಿರುತ್ತದೆ. ಹೂವಿನ ನಾಲ್ಕು ಎಸಳುಗಳ ತುದಿ ಚೂಪಾಗಿರುತ್ತದೆ. ಚೀನೀ ಇಕ್ಸೋರಾದ ಎಸಳಾದರೆ ದುಂಡಗೆ. ಕೊಳ್ಳುವ ಮುನ್ನ ಇಷ್ಟನ್ನು ನೋಡಿಕೊಂಡರೆ ನನಗಾದ ನಷ್ಟ ನಿಮಗಾಗದು.

ಪುತ್ತೂರಿನ ಕಡೆಯಿಂದ ತಂದ ಸಸಿಗಳಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಬಹಳ ಕಾಲ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಇದ್ದುದರಿಂದ ಬೇರುಗಳು ಸುತ್ತಿಕೊಂಡು ಗಂಟಾಗಿದ್ದವು, ಒಂದು ಗಿಡ ಆ ಕಾರಣಕ್ಕೇ ಮೊದಲ ಬೇಸಿಗೆಯಲ್ಲಿ ಸತ್ತಿತು. ಉಳಿದ ಮೂರನ್ನು ಅಂಗಳದಾಚೆಯ ಮುರಕಲ್ಲಿನ (ಜಂಬಿಟ್ಟಿಗೆ) ದರೆಯ ಮೇಲೆ, ತರಗೆಲೆಯ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಎರಡನೆಯ ವರ್ಷದಿಂದ ಅವು ನೀರನ್ನೂ ಕೇಳಲಿಲ್ಲ. ಆದರೆ ಬೆಂಗಳೂರಿನಲ್ಲಿರುವ ನನ್ನ ತಂಗಿ ಕುಂಡದಲ್ಲಿ ಬೆಳೆಸಿದ ಗಿಡದ ಎಳೆಯ ಎಲೆಗಳು, ನರಗಳಷ್ಟೇ ಹಸಿರಾಗಿ ಉಳಿದು, ಹಳದಿಗೆ ತಿರುಗಿದವು. ಕೇಪಳಕ್ಕೆ ಹುಳಿ ಮಣ್ಣು ಬೇಕು; ಬೋರ್‌ವೆಲ್‌ನ ಗಡಸು ನೀರನ್ನು ದಿನವೂ ಹಾಕುತ್ತ ಬಂದರೆ ಮಣ್ಣು ಕ್ಷಾರವಾಗಿ, ಅದರಲ್ಲಿರುವ ಕಬ್ಬಿಣವನ್ನು ಬೇರು ಹೀರಲಾರದಂತಾಗುತ್ತದೆ. ಮಳೆನೀರು ಹಿಡಿದಿಟ್ಟು ಹಾಕತೊಡಗಿದ ಮೇಲೆ ಹೊಸ ಚಿಗುರು ಹಸಿರಾಗಿಯೇ ಬಂತು. ಒಲೆಯ ಬೂದಿಯನ್ನೂ ಸುಣ್ಣವನ್ನೂ ಇದರ ಬುಡಕ್ಕೆ ಹಾಕಬಾರದು.

ಹೂವಿನ ಕಾಲದಲ್ಲಿ ಆ ದರೆಯನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದೊಂದು ಗೊಂಚಲಿನಲ್ಲೂ ಹತ್ತಾರು ಕೆಂಪು ಹೂಗಳಿದ್ದು, ಅವುಗಳ ಕೊಳವೆ ಉದ್ದವೂ ಸಪೂರವೂ ಆಗಿರುವುದರಿಂದ ಉದ್ದ ಹೀರುನಳಿಕೆಯ ದೊಡ್ಡ ಚಿಟ್ಟೆಗಳಿಗೆ ಇದು ಹೇಳಿ ಮಾಡಿಸಿದ ಹೂವು. ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕಳೆದ ವರ್ಷ ಮೊದಲ ಬಾರಿಗೆ ಬಂದು, ಗೊಂಚಲಿನ ಮೇಲೆ ಪೂರ್ತಿ ಕೂರದೆ, ಮುಂದಿನ ಕಪ್ಪು ರೆಕ್ಕೆಗಳನ್ನು ಬಡಿಯುತ್ತಲೇ ಹೂವಿನಿಂದ ಹೂವಿಗೆ ನಳಿಕೆಯಿಳಿಸಿದ್ದನ್ನು ಮೂರು ಅಡಿ ದೂರದಿಂದ ನೋಡಿದೆ. ನಮ್ಮ ಮನೆಯ ಮಕ್ಕಳೂ ಹೂವಿನ ನಡುವಿನ ನೂಲನ್ನು ಮೆಲ್ಲಗೆ ಎಳೆದು, ಅದರೊಡನೆ ಬರುವ ಸಾಸಿವೆಕಾಳಿನಷ್ಟು ಜೇನನ್ನು ಚೀಪಲು ಕಲಿತಿದ್ದಾರೆ.

ಅಡುಗೆಮನೆಯಲ್ಲಿ ಕೇಪಳದ ಹೂವಿನ ತಂಬುಳಿ ನಮ್ಮ ಕಡೆಯವರಿಗೆ ಹೊಸದಲ್ಲ. ಒಂದು ಹಿಡಿ ಹೂವನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ನುಣ್ಣಗೆ ಅರೆದು ಮಜ್ಜಿಗೆ ಬೆರೆಸಿದರೆ ಆಯಿತು. ಅದರ ತಿಳಿ ಒಗರು ನನಗೆ ಬಹಳ ಇಷ್ಟ.

ಹಣ್ಣು ಮೊದಲು ಕೆಂಪಾಗಿ, ಪೂರ್ತಿ ಮಾಗಿದಾಗ ಕಪ್ಪಿಗೆ ತಿರುಗುತ್ತದೆ. ತೆಳ್ಳನೆಯ ಸಿಹಿ ತಿರುಳು, ಒಳಗೆ ಎರಡು ಬೀಜ. ಪಿಕಳಾರ ಹಕ್ಕಿಗಳು ತಿಂದು ಬಿಟ್ಟದ್ದರಲ್ಲಿ ಒಂದು ಬೊಗಸೆಯಷ್ಟು ಹಣ್ಣನ್ನು ಈ ಬಾರಿ ಅದೇ ನರ್ಸರಿಯಾಕೆಗೆ ಒಯ್ದು ಕೊಟ್ಟೆ. ಬೇರಿನ ಗಂಟಿನ ವಿಷಯ ಹೇಳಿದಾಗ ಅವರು ಬೇಸರಿಸಿಕೊಳ್ಳದೆ ಕೇಳಿ, ಹೊಸ ಸಸಿಗಳನ್ನು ಉದ್ದನೆಯ ತೊಟ್ಟೆಗಳಲ್ಲೇ ಬೆಳೆಸುವುದಾಗಿ ಹೇಳಿದರು.